ಸೀಟಿ ಯಾರ ಕೈಯಲ್ಲಿರಬೇಕು?



ಕಳೆದ ದೀಪಾವಳಿಯಂದು ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವಾಗ್ಯುದ್ಧವೇ ನಡೆದುಹೋಯಿತು. ಒಂದು ಪಕ್ಷದಲ್ಲಿ ನನ್ನ ಸೋದರಳಿಯ, ಇನ್ನೊಂದರಲ್ಲಿ ಹಬ್ಬದ ನೆಪದಲ್ಲಿ ನನ್ನನ್ನು ಕಂಡುಹೋಗಲು ಬಂದಿದ್ದ ಹಳೆಯ ವಿದ್ಯಾರ್ಥಿ. ವಿಷಯ ಚುನಾವಣೆಯಲ್ಲ, ಕ್ರಿಕೆಟ್ಟೂ ಅಲ್ಲ. 2021ರ ಡಿಸೆಂಬರ್ 12ರಂದು ಅಬುಧಾಬಿಯಲ್ಲಿ ನಡೆದ ಫಾರ್ಮುಲಾ ಒನ್ ಕಾರ್ ರೇಸ್. "ಹ್ಯಾಮಿಲ್ಟನ್‌ಗೆ ಹಾಡಹಗಲೇ ಅನ್ಯಾಯವಾಯಿತು ಸರ್" ಎಂದು ಒಬ್ಬನ ವಾದ. "ವೆರ್‌ಸ್ಟ್ಯಾಪನ್ ಓವರ್‌ಟೇಕ್ ಮಾಡಿದ್ದು ರಸ್ತೆಯ ಮೇಲೆ, ಕಾಗದದ ಮೇಲಲ್ಲ. ನೀವೇ ಹೇಳಿ ಮಾವ" ಎಂದು ಇನ್ನೊಬ್ಬನ ಪ್ರತಿವಾದ. ಹೋಳಿಗೆ ತಣ್ಣಗಾದರೂ ವಾದ ಮಾತ್ರ ಬಿಸಿಯಾಗಿಯೇ ಇತ್ತು. ತೀರ್ಪು ಹೇಳಬೇಕಾದ ನಾನು ಸುಮ್ಮನಾದೆ. ಏಕೆ ಸುಮ್ಮನಾದೆ ಎಂಬುದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಅದಕ್ಕೂ ಮೊದಲು, ಇತಿಹಾಸದ ಮೇಷ್ಟ್ರ ಹಳೆಯ ಚಾಳಿಯಂತೆ, ಈ ಜಗಳದ ಬೇರನ್ನು ಸ್ವಲ್ಪ ಕೆದಕಿ ನೋಡೋಣ.

'ಫಾರ್ಮುಲಾ' ಎಂಬ ಪದಕ್ಕೆ ಇಲ್ಲಿ ಕಾರು ಎಂಬ ಅರ್ಥವೂ ಇಲ್ಲ, ವೇಗ ಎಂಬ ಅರ್ಥವೂ ಇಲ್ಲ. ಸ್ಪರ್ಧಿಸುವ ಕಾರುಗಳೆಲ್ಲವೂ ಪಾಲಿಸಬೇಕಾದ ನಿಯಮಗಳ ಕಟ್ಟು ಎಂಬುದೇ ಅದರ ಅರ್ಥ. ಹೆಸರಿನಲ್ಲಿಯೇ ನಿಯಮವನ್ನು ಹೊತ್ತ ಈ ಆಟದ ವಿಶ್ವ ಚಾಂಪಿಯನ್‌ಷಿಪ್ 1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಆರಂಭವಾಯಿತು. ಮುಂದಿನ ಮೂರು ದಶಕಗಳಲ್ಲಿ ಚಾಲಕರು ಎಷ್ಟು ಸೆಣಸಿದರೋ, ನಿಯಮ ಮಾಡುವವರು ಮತ್ತು ಆ ನಿಯಮಕ್ಕೆ ಒಳಪಡುವವರು ಅದಕ್ಕಿಂತ ಕಡಿಮೆಯೇನೂ ಸೆಣಸಲಿಲ್ಲ. ಆ ಸೆಣಸಾಟ ಬಹಿರಂಗ ಸಮರವಾದದ್ದು 1980ರಲ್ಲಿ.

ಒಂದು ಪಾಳೆಯದಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಆಟೋಮೊಬೈಲ್ ಒಕ್ಕೂಟದ ಕ್ರೀಡಾ ಅಂಗವಾದ 'ಫಿಸಾ'. ಅದರ ಅಧ್ಯಕ್ಷ ಜ್ಯಾಂ-ಮಾರಿ ಬಾಲೆಸ್ತ್ರ್ ಎಂಬ ಫ್ರೆಂಚ್ ಮಹಾಶಯ. ಎದುರು ಪಾಳೆಯದಲ್ಲಿ ತಂಡಗಳ ಸಂಘವಾದ 'ಫೋಕಾ'. ಅದರ ನಾಯಕ ಬರ್ನಿ ಎಕಲ್‌ಸ್ಟನ್. ಹಳೆಯ ವಾಹನಗಳ ವ್ಯಾಪಾರದಿಂದ ಮೇಲೆ ಬಂದು 'ಬ್ರಾಬಮ್' ಎಂಬ ತಂಡವನ್ನೇ ಕೊಂಡಿದ್ದ ಚತುರ. ಅವನಿಗೆ ಕಾನೂನಿನ ಬಲ ಒದಗಿಸುತ್ತಿದ್ದವನು ಮ್ಯಾಕ್ಸ್ ಮೋಸ್ಲಿ ಎಂಬ ವಕೀಲ.

ಜಗಳದ ಮೇಲ್ನೋಟದ ಕಾರಣ ಕಾರಿನ ಇಕ್ಕೆಲಗಳಲ್ಲಿ ನೆಲಕ್ಕೆ ತಾಗುವಂತೆ ಇಳಿಬಿಟ್ಟ ಪಟ್ಟಿಗಳು; ಇವಕ್ಕೆ 'ಸ್ಕರ್ಟ್' ಎಂದೇ ಹೆಸರು. ಕಾರಿನ ತಳವನ್ನು ವಿಮಾನದ ರೆಕ್ಕೆಯನ್ನು ತಿರುವಿಹಾಕಿದಂತೆ ರೂಪಿಸಿ, ಪಕ್ಕದಿಂದ ಗಾಳಿ ನುಗ್ಗದಂತೆ ಈ ಪಟ್ಟಿಗಳಿಂದ ತಡೆದರೆ, ಕೆಳಗೆ ಒತ್ತಡ ಕುಸಿದು ಕಾರು ರಸ್ತೆಗೆ ಅಂಟಿಕೊಳ್ಳುತ್ತದೆ. ತಿರುವುಗಳಲ್ಲಿ ಅಪಾರ ವೇಗ ಸಾಧ್ಯವಾಗುತ್ತದೆ. ಲೋಟಸ್ ತಂಡ ಈ ಉಪಾಯವನ್ನು ಕಂಡುಕೊಂಡು 1978ರಲ್ಲಿ ಮಾರಿಯೊ ಆಂಡ್ರೆಟ್ಟಿಯನ್ನು ಚಾಂಪಿಯನ್ ಮಾಡಿತು. ಆದರೆ ಪಟ್ಟಿ ಮುರಿದರೆ ಆ ಹಿಡಿತ ಕ್ಷಣಾರ್ಧದಲ್ಲಿ ಮಾಯ. ಇದು ಅಪಾಯಕಾರಿ, 1981ರಿಂದ ನಿಷೇಧ ಎಂದಿತು ಫಿಸಾ. ಬ್ರಿಟಿಷ್ ತಂಡಗಳಿಗೆ ಇದರಲ್ಲಿ ಬೇರೆ ವಾಸನೆ ಬಡಿಯಿತು. ರೆನೋ, ಫೆರಾರಿಗಳಂಥ ದೊಡ್ಡ ಕಾರ್ಖಾನೆಗಳ ಬಳಿ ಬಲಶಾಲಿ ಟರ್ಬೊ ಎಂಜಿನ್ ಇತ್ತು, ಇಲ್ಲವೇ ಬರುವುದರಲ್ಲಿತ್ತು. ಮಾರುಕಟ್ಟೆಯಲ್ಲಿ ಕೊಂಡ ಕಾಸ್‌ವರ್ತ್ ಎಂಜಿನ್ ಬಳಸುವ ಸಣ್ಣ ತಂಡಗಳಿಗೆ ಇದ್ದ ಆಸರೆ ಈ ಪಟ್ಟಿಗಳೊಂದೇ. ಅದನ್ನೂ ಕಸಿದುಕೊಂಡರೆ ಬದುಕುವುದು ಹೇಗೆ ಎಂಬುದು ಅವರ ಅಳಲು.

ಪಟ್ಟಿಯ ಹಿಂದೆ ಹಣದ ಪ್ರಶ್ನೆಯೂ ಇತ್ತು. ರೇಸ್‌ನ ಸಂಘಟಕರು ಕೊಡುವ ಹಣವನ್ನು ಯಾರು ನಿಗದಿಪಡಿಸಬೇಕು? ದೂರದರ್ಶನ ಪ್ರಸಾರದ ಹಕ್ಕು ಯಾರದು? ಆ ಕಾಲಕ್ಕೆ ದೂರದರ್ಶನ ಈ ಆಟವನ್ನು ಇನ್ನೂ ಅರ್ಧ ಮನಸ್ಸಿನಿಂದ ನೋಡುತ್ತಿತ್ತು. 1976ರಲ್ಲಿ ಒಂದು ತಂಡದ ಕಾರಿನ ಮೇಲೆ ನಿರೋಧಕದ ಜಾಹೀರಾತು ಕಂಡದ್ದಕ್ಕೆ ಬಿಬಿಸಿ ಪ್ರಸಾರವನ್ನೇ ಕೈಬಿಟ್ಟಿತ್ತು! ಅದೇ ಬಿಬಿಸಿ 1978ರಲ್ಲಿ ಈ ಆಟಕ್ಕಾಗಿಯೇ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ಗಾಳಿ ಎತ್ತ ಬೀಸುತ್ತಿದೆಯೆಂಬುದನ್ನು ಎಲ್ಲರಿಗಿಂತ ಮೊದಲು ಅರಿತವನು ಎಕಲ್‌ಸ್ಟನ್.

1980ರ ಜೂನ್ 1ರಂದು ಸ್ಪೇನಿನ ಹರಾಮದಲ್ಲಿ ರೇಸ್. ಹಿಂದಿನ ರೇಸ್‌ಗಳ ಚಾಲಕರ ಸಭೆಗಳಿಗೆ ಬರಲಿಲ್ಲವೆಂದು ಫೋಕಾ ತಂಡಗಳ ಚಾಲಕರಿಗೆ ಫಿಸಾ ದಂಡ ವಿಧಿಸಿತ್ತು. ದಂಡ ಕಟ್ಟದವರ ಪರವಾನಗಿ ಅಮಾನತಾಯಿತು. ಸ್ಪೇನಿನ ದೊರೆ ಹ್ವಾನ್ ಕಾರ್ಲೋಸ್ ರೇಸ್ ನಡೆಯಲೇಬೇಕೆಂದು ಬಯಸಿದ. ಫೆರಾರಿ, ರೆನೋ, ಆಲ್ಫಾ ರೋಮಿಯೊ ದೂರ ಉಳಿದವು. ಉಳಿದವರು ಓಡಿದರು, ಅಲನ್ ಜೋನ್ಸ್ ಗೆದ್ದ. ಆದರೆ ಆ ಗೆಲುವು ಚಾಂಪಿಯನ್‌ಷಿಪ್ ಲೆಕ್ಕಕ್ಕೆ ಸೇರಲಿಲ್ಲ.

ಅದೇ ನವೆಂಬರ್‌ನಲ್ಲಿ ಫೋಕಾ ತನ್ನದೇ ಪ್ರತ್ಯೇಕ ವಿಶ್ವ ಒಕ್ಕೂಟವನ್ನು ಘೋಷಿಸಿತು. 1981ರ ಫೆಬ್ರವರಿ 7ರಂದು ದಕ್ಷಿಣ ಆಫ್ರಿಕದ ಕ್ಯಾಲಾಮಿಯಲ್ಲಿ ನಿಷೇಧಿತ ಪಟ್ಟಿಗಳನ್ನು ಧರಿಸಿಯೇ ಅದರ ಕಾರುಗಳು ಓಡಿದವು. ಮಳೆ ನೆನೆಸಿದ ರಸ್ತೆಯಲ್ಲಿ ಒಣ ರಸ್ತೆಯ ಟೈರ್ ಹಾಕಿಕೊಂಡು ಹೊರಟ ಅರ್ಜೆಂಟೀನದ ಕಾರ್ಲೋಸ್ ರಾಯ್ಟೆಮಾನ್ ರಸ್ತೆ ಆರಿದಂತೆ ಮುಂದೆ ಬಂದು ಗೆದ್ದ. ಬ್ರೆಜಿಲ್‌ನ ನೆಲ್ಸನ್ ಪಿಕೆ ಎರಡನೆಯವನಾದ. ಇದೂ ಲೆಕ್ಕಕ್ಕೆ ಸೇರಲಿಲ್ಲ.

ಫೆರಾರಿಯಿಲ್ಲದ ರೇಸ್ ಮದುಮಗನಿಲ್ಲದ ಮದುವೆ ಎಂಬುದು ಒಬ್ಬರಿಗೆ, ಅರ್ಧಕ್ಕಿಂತ ಹೆಚ್ಚು ಕಾರುಗಳಿಲ್ಲದ ಚಾಂಪಿಯನ್‌ಷಿಪ್ ದಿಬ್ಬಣವಿಲ್ಲದ ಮದುವೆ ಎಂಬುದು ಇನ್ನೊಬ್ಬರಿಗೆ ಅರಿವಾಯಿತು. ಇಟಲಿಯ ಮೊಡೆನಾದಲ್ಲಿ ಆರಂಭವಾಗಿದ್ದ ಸಂಧಾನ ಮಾರ್ಚ್ ತಿಂಗಳಲ್ಲಿ ಪ್ಯಾರಿಸ್ಸಿನ ಕಾಂಕಾರ್ಡ್ ಚೌಕದಲ್ಲಿರುವ ಒಕ್ಕೂಟದ ಕಚೇರಿಯ ಹೆಸರಿನಲ್ಲಿ 'ಕಾಂಕಾರ್ಡ್ ಒಪ್ಪಂದ'ವಾಯಿತು. ನಿಯಮದ ಅಧಿಕಾರ ಫಿಸಾಕ್ಕೆ. ದೂರದರ್ಶನ ಹಕ್ಕಿನ ವ್ಯವಹಾರ ಫೋಕಾಕ್ಕೆ. ಜೊತೆಗೆ ತಂಡಗಳು ಎಲ್ಲ ರೇಸ್‌ಗಳಿಗೂ ಕಡ್ಡಾಯವಾಗಿ ಹಾಜರಾಗಬೇಕು. ಈ ಕೊನೆಯ ಷರತ್ತಿನ ಮಹತ್ವವನ್ನು ಗಮನಿಸಿ. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬ ಖಾತ್ರಿಯಿಲ್ಲದ ಆಟವನ್ನು ಯಾವ ದೂರದರ್ಶನ ಸಂಸ್ಥೆಯೂ ವರ್ಷಪೂರ್ತಿ ಕೊಳ್ಳುವುದಿಲ್ಲ. ಖಾತ್ರಿ ದೊರೆತೊಡನೆ ಇಡೀ ಋತುವನ್ನೇ ಮಾರಾಟಕ್ಕಿಡಬಹುದಾಯಿತು. ಪಟ್ಟಿಗಳ ಜಗಳದಲ್ಲಿ ಬಾಲೆಸ್ತ್ರ್ ಗೆದ್ದ. ಮುಂದಿನ ಮೂವತ್ತು ವರ್ಷಗಳ ಸಂಪತ್ತನ್ನು ಎಕಲ್‌ಸ್ಟನ್ ಗೆದ್ದ.

ಪಟ್ಟಿ ಹೋಗಿ ಕಾರಿನ ತಳ ನೆಲದಿಂದ ಆರು ಸೆಂಟಿಮೀಟರ್ ಮೇಲಿರಬೇಕೆಂಬ ನಿಯಮ ಬಂತು. ಅಳೆಯುವುದು ಕಾರು ನಿಂತಾಗ ಮಾತ್ರ. ಬ್ರಾಬಮ್ ತಂಡ ಓಡುವಾಗ ತಾನೇ ತಗ್ಗಿ, ನಿಲ್ಲುವಾಗ ತಾನೇ ಮೇಲೇಳುವ ಕಾರು ಮಾಡಿತು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕೆ?

ಈಗ ಒಂದು ಸಣ್ಣ ಲೆಕ್ಕ. 1981ರ ಅಕ್ಟೋಬರ್ 17ರಂದು ಲಾಸ್ ವೇಗಸ್‌ನಲ್ಲಿ, ಸೀಸರ್ಸ್ ಪ್ಯಾಲೇಸ್ ಹೋಟೆಲಿನ ಕಾರು ನಿಲ್ದಾಣದಲ್ಲಿ ಗುರುತು ಹಾಕಿದ ಹಾದಿಯಲ್ಲಿ ಋತುವಿನ ಕೊನೆಯ ರೇಸ್ ನಡೆಯಿತು. ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟ ರಾಯ್ಟೆಮಾನ್ ಎಂಟನೆಯವನಾಗಿ ಮುಗಿಸಿದ. ಪಿಕೆ ಐದನೆಯವನಾದ. ಒಟ್ಟು ಅಂಕ: ಪಿಕೆ 50, ರಾಯ್ಟೆಮಾನ್ 49. ಒಂದೇ ಒಂದು ಅಂಕದಿಂದ ಕಿರೀಟ ಜಾರಿತು. ಆಗ ಗೆಲುವಿಗೆ 9, ಎರಡನೆಯ ಸ್ಥಾನಕ್ಕೆ 6 ಅಂಕ. ಕ್ಯಾಲಾಮಿಯ ರೇಸನ್ನು ಎಣಿಸಿದ್ದರೆ ರಾಯ್ಟೆಮಾನ್‌ಗೆ 58, ಪಿಕೆಗೆ 56! ಇನ್ನೂ ವಿಚಿತ್ರವೆಂದರೆ ಪಿಕೆ ಓಡಿಸುತ್ತಿದ್ದುದು ಎಕಲ್‌ಸ್ಟನ್‌ನ ಬ್ರಾಬಮ್ ಕಾರನ್ನೇ. ಬಂಡಾಯದ ರೇಸ್ ನಡೆಸಿದವನಿಗೆ, ಆ ರೇಸ್ ಅಸಿಂಧುವಾದದ್ದರಿಂದ ಚಾಂಪಿಯನ್‌ಷಿಪ್ ದಕ್ಕಿತು. ರಾಯ್ಟೆಮಾನ್ ಮುಂದೆ ತನ್ನ ನಾಡಿನ ಸಾಂತಾ ಫೆ ಪ್ರಾಂತದ ಗವರ್ನರ್ ಆದ, ಸೆನೆಟರ್ ಆದ. ವಿಶ್ವ ಚಾಂಪಿಯನ್ ಮಾತ್ರ ಆಗಲಿಲ್ಲ. 2021ರ ಜುಲೈ 7ರಂದು ತೀರಿಕೊಂಡ.

ಒಪ್ಪಂದವಾದ ಮಾತ್ರಕ್ಕೆ ವೈರ ಆರಲಿಲ್ಲ. 1982ರಲ್ಲಿ ಕಾರಿನ ಕನಿಷ್ಠ ತೂಕ 580 ಕಿಲೊ. ಬ್ರೇಕ್ ತಂಪು ಮಾಡಲೆಂದು ನೀರಿನ ತೊಟ್ಟಿ ಇಟ್ಟು, ಓಡುವಾಗ ನೀರು ಚೆಲ್ಲಿ ಹಗುರಾಗಿ, ತೂಗುವ ಮೊದಲು ಮತ್ತೆ ತುಂಬಿಸಿಕೊಳ್ಳುವ ಜಾಣತನವನ್ನು ಫೋಕಾ ತಂಡಗಳು ಕಂಡುಕೊಂಡವು. ಬ್ರೆಜಿಲ್ ರೇಸ್‌ನಲ್ಲಿ ಮೊದಲಿಬ್ಬರಾದ ಪಿಕೆ ಮತ್ತು ರೋಸ್‌ಬರ್ಗ್ ಅನರ್ಹರಾದರು. ಪ್ರತಿಭಟನೆಯಾಗಿ ಇಮೋಲಾದ ರೇಸ್‌ಗೆ ಹೆಚ್ಚಿನ ಫೋಕಾ ತಂಡಗಳು ಬರಲಿಲ್ಲ. 14 ಕಾರುಗಳು ಮಾತ್ರ ಓಡಿದವು. 1983ರಲ್ಲಿ ಎಲ್ಲ ಕಾರುಗಳ ತಳವೂ ಚಪ್ಪಟೆಯಾಗಿರಬೇಕೆಂಬ ನಿಯಮ ಬಂದಾಗ ಆ ಅಧ್ಯಾಯ ಮುಗಿಯಿತು.

ಸರಿ ಯಾರದು? ಸುರಕ್ಷತೆಯ ವಿಷಯದಲ್ಲಿ ಫಿಸಾದ ಮಾತು ಸರಿ. ನಿಯಮದ ಭಾರ ಬಡ ತಂಡಗಳ ಮೇಲೆಯೇ ಬಿದ್ದಿತೆಂಬ ಫೋಕಾದ ಮಾತೂ ಸರಿ. ಇಬ್ಬರೂ ಸರಿಯಾಗಿದ್ದು, ಇಬ್ಬರಿಗೂ ಸ್ವಾರ್ಥವಿದ್ದಾಗ ಹುಟ್ಟುವ ಜಗಳವೇ ಕಠಿಣವಾದದ್ದು.

ಕಾಲ ಉರುಳಿತು. ಫೋಕಾದ ವಕೀಲ ಮೋಸ್ಲಿಯೇ 1991ರಲ್ಲಿ ಬಾಲೆಸ್ತ್ರ್‌ನನ್ನು ಸೋಲಿಸಿ ಫಿಸಾದ ಅಧ್ಯಕ್ಷನಾದ, 1993ರಿಂದ ಒಕ್ಕೂಟಕ್ಕೇ ಅಧ್ಯಕ್ಷ. ವಾದಿಯ ವಕೀಲನೇ ನ್ಯಾಯಪೀಠವೇರಿದಂತಾಯಿತು. ನಿಯಮ ಮಾಡುವವರೇ ವ್ಯಾಪಾರದಲ್ಲಿಯೂ ಪಾಲುದಾರರಾಗಬಾರದೆಂದು ಯುರೋಪಿಯನ್ ಕಮಿಷನ್ ಆಕ್ಷೇಪಿಸಿದ ಮೇಲೆ, 2001ರಲ್ಲಿ ಒಕ್ಕೂಟ ತನ್ನ ವಾಣಿಜ್ಯ ಹಕ್ಕನ್ನು ಎಕಲ್‌ಸ್ಟನ್‌ನ ಕಂಪನಿಗೆ ನೂರು ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಹಲವು ಕೈ ಬದಲಾಗಿ 2017ರಲ್ಲಿ ಅದು ಅಮೆರಿಕದ ಲಿಬರ್ಟಿ ಮೀಡಿಯಾ ಪಾಲಾಯಿತು. ಕಾಗದದ ಮೇಲೆ ಸೀಟಿಯೂ ಗಲ್ಲಾಪೆಟ್ಟಿಗೆಯೂ ಬೇರೆಯಾದವು. ಮೈದಾನದ ಮೇಲೆ?

2005ರ ಜೂನ್ 19, ಅಮೆರಿಕದ ಇಂಡಿಯಾನಾಪೊಲಿಸ್. ಆ ವರ್ಷ ಒಂದೇ ಜೊತೆ ಟೈರ್ ಇಡೀ ರೇಸ್‌ಗೆ ಬಾಳಬೇಕೆಂಬ ನಿಯಮವಿತ್ತು. ಅಲ್ಲಿನ ಓರೆಯಾದ ವೇಗದ ತಿರುವನ್ನು ತಮ್ಮ ಟೈರ್ ತಾಳದು ಎಂದಿತು ಮಿಷೆಲಿನ್ ಕಂಪನಿ. ತಿರುವಿಗೆ ಮುನ್ನ ವೇಗ ತಗ್ಗಿಸುವ ಅಡ್ಡತಿರುವು ನಿರ್ಮಿಸಿ ಎಂಬ ಕೋರಿಕೆಯನ್ನು ಒಕ್ಕೂಟ ಒಪ್ಪಲಿಲ್ಲ. ಸಿದ್ಧತೆಯ ಸುತ್ತು ಮುಗಿದೊಡನೆ 14 ಕಾರುಗಳು ಒಳಗೆ ಹೋಗಿಬಿಟ್ಟವು. ಓಡಿದ್ದು ಆರೇ ಕಾರು. ಪ್ರೇಕ್ಷಕರು ಸಿಟ್ಟಿನಿಂದ ಬಾಟಲಿಗಳನ್ನೆಸೆದರು. ಆ ಆರರಲ್ಲಿ ನಮ್ಮ ನರೇನ್ ಕಾರ್ತಿಕೇಯನ್ ನಾಲ್ಕನೆಯವನಾಗಿ, ಫಾರ್ಮುಲಾ ಒನ್‌ನಲ್ಲಿ ಅಂಕ ಗಳಿಸಿದ ಮೊದಲ ಭಾರತೀಯನಾದ. ಆ ಸಾಧನೆಯನ್ನು ಹೇಗೆ ಎಣಿಸಬೇಕೆಂದು ಅಭಿಮಾನಿಗಳು ಇಂದಿಗೂ ಕಾದಾಡುತ್ತಾರೆ. ಆದರೂ ಅಲ್ಲಿ ಒಕ್ಕೂಟ, ತಮಾಷೆ ಹಾಳಾದರೂ ಸರಿ, ಬರೆದ ನಿಯಮ ಬರೆದಂತೆಯೇ ಇರಲಿ ಎಂದಿತು.

ಅಬುಧಾಬಿಯಲ್ಲಿ ಆದದ್ದು ಇದರ ತದ್ವಿರುದ್ಧ. ಹ್ಯಾಮಿಲ್ಟನ್, ವೆರ್‌ಸ್ಟ್ಯಾಪನ್ ಇಬ್ಬರೂ ತಲಾ 369.5 ಅಂಕದೊಡನೆ ಕೊನೆಯ ರೇಸ್‌ಗೆ ಬಂದಿದ್ದರು. 58 ಸುತ್ತುಗಳಲ್ಲಿ 53ನೆಯದರಲ್ಲಿ ಬೇರೊಂದು ಕಾರು ಗೋಡೆಗೆ ಬಡಿದು ಎಲ್ಲರೂ ಸುರಕ್ಷಾ ಕಾರಿನ ಹಿಂದೆ ನಿಧಾನವಾಗಿ ಸಾಗಬೇಕಾಯಿತು. ರೇಸ್ ನಿರ್ದೇಶಕ ಮೈಕೆಲ್ ಮಾಸಿ ಇಬ್ಬರ ನಡುವಿದ್ದ ಐದು ಕಾರುಗಳನ್ನು ಮಾತ್ರ ಮುಂದೆ ಕಳುಹಿಸಿ, ಒಂದೇ ಸುತ್ತು ಉಳಿದಾಗ ಸ್ಪರ್ಧೆಗೆ ಚಾಲನೆ ಕೊಟ್ಟರು. ಹೊಸ ಟೈರ್ ಹಾಕಿಕೊಂಡಿದ್ದ ವೆರ್‌ಸ್ಟ್ಯಾಪನ್ ಮುನ್ನುಗ್ಗಿ ಗೆದ್ದ. ರೇಸ್ ಸ್ಪರ್ಧೆಯಲ್ಲೇ ಮುಗಿಯಲೆಂದು ತಂಡಗಳೇ ಹಿಂದೆ ಒಪ್ಪಿದ್ದವೆಂಬುದೂ ನಿಜ. ತಂಡಗಳ ಮುಖ್ಯಸ್ಥರು ನಿರ್ದೇಶಕರ ಕಿವಿಯಲ್ಲಿ ಒತ್ತಾಯಿಸುತ್ತಿದ್ದುದು ಆ ವರ್ಷ ನೇರ ಪ್ರಸಾರದಲ್ಲಿ ಜಗತ್ತಿಗೇ ಕೇಳಿಸುತ್ತಿತ್ತು. 2022ರಲ್ಲಿ ಒಕ್ಕೂಟದ ವರದಿ ಇದನ್ನು ಮಾನವ ದೋಷವೆಂದಿತು, ಸದುದ್ದೇಶವಿತ್ತೆಂದಿತು, ಫಲಿತಾಂಶ ಬದಲಾಗದೆಂದಿತು. ಮಾಸಿ ಆ ಹುದ್ದೆ ಕಳೆದುಕೊಂಡರು. ತಂಡಗಳ ನೇರ ಮಾತುಕತೆಗೂ ತಡೆ ಬಿತ್ತು.

ಇದು ಕ್ರೀಡೆಯೋ ಮನರಂಜನೆಯೋ ಎಂಬ ಪ್ರಶ್ನೆ ನಮ್ಮ ದೇಶದ ನ್ಯಾಯಾಲಯಕ್ಕೂ ತಾಗಿತ್ತು. 2011ರಲ್ಲಿ ಗ್ರೇಟರ್ ನೋಯಿಡಾದಲ್ಲಿ ಮೊದಲ ಭಾರತೀಯ ರೇಸ್ ನಡೆಯುವಾಗ ಮನರಂಜನಾ ತೆರಿಗೆಯ ವಿನಾಯಿತಿ ಪ್ರಶ್ನಿಸಲ್ಪಟ್ಟು, ಟಿಕೆಟ್ ಹಣದ ಶೇಕಡ 25ನ್ನು ಪ್ರತ್ಯೇಕವಾಗಿಡಲು ಸುಪ್ರೀಂ ಕೋರ್ಟ್ ಸೂಚಿಸಿತು. ಮೂರೇ ವರ್ಷ ನಡೆದ ಆ ರೇಸ್ 2013ರಲ್ಲಿ ನಿಂತುಹೋಯಿತು. ಪ್ರಶ್ನೆ ಮಾತ್ರ ನಿಂತಿಲ್ಲ. ನೋಡುವವರಿಲ್ಲದಿದ್ದರೆ ಆಟಕ್ಕೆ ಹಣವಿಲ್ಲ ಎಂಬುದು ಸತ್ಯ. ಆದರೆ ನೋಡುವವರಿಗಾಗಿ ನಿಯಮ ಬಾಗಿದರೆ, ಅವರು ನೋಡುತ್ತಿರುವುದು ಆಟವನ್ನಲ್ಲ, ನಾಟಕವನ್ನು.

ಇನ್ನು ನನ್ನ ಅರಿಕೆ. ಬಹಳ ವರ್ಷಗಳ ಹಿಂದೆ ಒಂದು ಅಂತರಶಾಲಾ ಕಬಡ್ಡಿ ಪಂದ್ಯದ ತೀರ್ಪುಗಾರ ನಾನಾಗಿದ್ದೆ. ಕತ್ತಲಾಗುತ್ತಿತ್ತು. ಬಹುಮಾನ ಕೊಡಬೇಕಾಗಿದ್ದ ಅತಿಥಿಗಳಿಗೆ ಹೊರಡುವ ಅವಸರ. ಆಟ ಇನ್ನೂ ಎರಡು ನಿಮಿಷ ಬಾಕಿಯಿತ್ತು. ವೇದಿಕೆಯಿಂದ ಕೈಸನ್ನೆ ಬಂತು. ನಾನು ಸೀಟಿ ಊದಿಬಿಟ್ಟೆ. ಒಂದು ಅಂಕ ಹಿಂದಿದ್ದ ತಂಡದ ನಾಯಕ ಹತ್ತಿರ ಬಂದು, "ಸರ್, ಇನ್ನೂ ಟೈಮ್ ಇತ್ತಲ್ಲ ಸರ್" ಎಂದಷ್ಟೇ ಹೇಳಿದ. ನಾನು ಮುಖ ತಿರುಗಿಸಿಕೊಂಡು ಫಲಿತಾಂಶದ ಹಾಳೆ ಬರೆಯತೊಡಗಿದೆ. ಅವನು ಗೆಲ್ಲುತ್ತಿದ್ದನೋ ಇಲ್ಲವೋ ಯಾರು ಬಲ್ಲರು? ಆದರೆ ಆ ಎರಡು ನಿಮಿಷ ಅವನದಾಗಿತ್ತು. ಅತಿಥಿಗಳದಾಗಿರಲಿಲ್ಲ, ನನ್ನದಂತೂ ಅಲ್ಲವೇ ಅಲ್ಲ.

ಆದ್ದರಿಂದಲೇ ಹಬ್ಬದ ದಿನ ಮಾಸಿಯವರನ್ನು ಹಳಿಯಲು ನನಗೆ ಬಾಯಿ ಬರಲಿಲ್ಲ. ಸೀಟಿ ಯಾರ ಕೈಯಲ್ಲಿದೆ ಎಂಬುದಕ್ಕಿಂತ, ಊದುವಾಗ ಅವನ ಕಣ್ಣು ಅಂಗಳದತ್ತ ಇದೆಯೋ ವೇದಿಕೆಯತ್ತ ಇದೆಯೋ ಎಂಬುದೇ ಮುಖ್ಯವೆಂದು ತಡವಾಗಿ ಕಲಿತಿದ್ದೇನೆ. ಅಂದಿನ ಆ ನಾಯಕ ಎಲ್ಲಿದ್ದಾನೋ ತಿಳಿಯದು. ಈ ಪುಟವನ್ನು ಓದುವ ನಿಮ್ಮಲ್ಲಿಯೇ ಒಬ್ಬನಾಗಿದ್ದರೆ, ಅಪ್ಪಾ, ಅಂದು ಕೊಡದೆ ಹೋದ ಉತ್ತರ ಇದು: ಹೌದು, ಟೈಮ್ ಇತ್ತು.