ಮರ ಬಾಗಿಸುವಿಕೆ

ನೆಟ್ಟಗಿನ ಮರದ ಪಟ್ಟಿಯನ್ನು ಅದರ ಎಳೆ ಕಡಿಯದಂತೆ ಬೇಕಾದ ಡೊಂಕಿಗೆ ತರುವ ಕಸುಬು. ಕುರ್ಚಿಯ ಬೆನ್ನು, ಕೈಯೊರಗು, ತೂಗುಕುರ್ಚಿಯ ಅಡಿಗಾಲು, ದುಂಡು ಮೇಜಿನ ಅಂಚು ಮೊದಲಾದವನ್ನು ಹೀಗೆ ಮಾಡುತ್ತಾರೆ. ಹಬೆಯಲ್ಲಿ ಮೆತ್ತಗಾಗಿಸಿ ಬಗ್ಗಿಸುವುದು ಒಂದು ಮುಖ್ಯ ವಿಧಾನ, ತೆಳುಪಟ್ಟಿಗಳನ್ನು ಅಚ್ಚಿನ ಮೇಲೆ ಒಟ್ಟಿ ಅಂಟಿಸುವುದು ಇನ್ನೊಂದು. ಎರಡಕ್ಕೂ ದೊಡ್ಡ ಯಂತ್ರಗಳು ಬೇಡ, ಮನೆಯ ಹಿತ್ತಿಲು ಸಾಕು. ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಿಂದ ತಿಪಟೂರು, ಚಿಕ್ಕನಾಯಕನಹಳ್ಳಿಗಳವರೆಗೆ ಹಬ್ಬಿದ ತೆಂಗಿನ ಸೀಮೆಯಲ್ಲಿ ಈ ಕೆಲಸಕ್ಕೆ ಬೇಕಾದ ಸೌದೆ, ಹಂಡೆ, ಸಾಮಿಲ್ಲು ಎಲ್ಲವೂ ಕೈಗೆಟುಕುವಂತಿವೆ. ಮರವನ್ನು ಮಾತ್ರ ನೋಡಿ ಆರಿಸಬೇಕು.

ಬಯಲುಸೀಮೆಯ ಬಡಗಿಗಳು ಮರವನ್ನು ಬಾಗಿಸುವುದಕ್ಕಿಂತ ಹೆಚ್ಚಾಗಿ ಬಾಗಿದ ಮರವನ್ನು ಹುಡುಕಿ ತಂದವರು. ನೇಗಿಲಿಗೆ ಬೇಕಾದ ಡೊಂಕನ್ನು ಅವರು ಕರಿಜಾಲಿಯಂಥ ಗಟ್ಟಿಮರದಲ್ಲಿ, ಕೊಂಬೆ ಕಾಂಡಕ್ಕೆ ಕೂಡುವ ಕಡೆ ಗುರುತಿಸಿ ಕಡಿಯುತ್ತಿದ್ದರು. ಅಲ್ಲಿ ಎಳೆಯೇ ಡೊಂಕಿನ ಗುಂಟ ಬೆಳೆದಿರುತ್ತದೆ, ಉಳುವಾಗ ಬೀಳುವ ಜಗ್ಗಾಟಕ್ಕೆ ಸೀಳುವುದಿಲ್ಲ. ಅದೇ ಆಕಾರವನ್ನು ನೇರ ಹಲಗೆಯಿಂದ ಕೊಯ್ದು ತೆಗೆದರೆ ಡೊಂಕಿನ ಜಾಗದಲ್ಲಿ ಎಳೆ ಅಡ್ಡಕ್ಕೆ ತುಂಡಾಗಿ, ಮುರಿಯುವುದು ಅಲ್ಲೇ. ಎತ್ತಿನಗಾಡಿಯ ಚಕ್ರದ ಸುತ್ತು ಕೂಡ ಬಾಗಿಸಿದ ಒಂದೇ ಮರವಲ್ಲ. ಕಮಾನಿನಾಕಾರಕ್ಕೆ ಕೆತ್ತಿದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ, ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸಿ, ನೀರು ಹುಯ್ದು ಬಿಗಿಸಿದ್ದು. ವೀಣೆಗೆ ಹೆಸರಾದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆಯ ಗುಂಡನೆಯ ಕೊಡವನ್ನೂ ಬಗ್ಗಿಸುವುದಿಲ್ಲ, ಹಲಸಿನ ದಿಮ್ಮಿಯಿಂದ ತೋಡಿ ತೆಗೆಯುತ್ತಾರೆ.

ಬೆಂಕಿ ತೋರಿಸಿ ಬಗ್ಗಿಸುವ ವಿದ್ಯೆ ಇದ್ದದ್ದು ಬಿದಿರು, ಬೆತ್ತಗಳ ಕೆಲಸದಲ್ಲಿ. ಕಮಾನುಗಾಡಿಯ ಮೇಲ್ಹೊದಿಕೆಗೆ ಆಧಾರ ಬಗ್ಗಿಸಿದ ಬಿದಿರಿನ ದಬ್ಬೆಗಳು. ಮೇದರು ಬುಟ್ಟಿಯ ಬಾಯಿಗೂ ಮೊರದ ಅಂಚಿಗೂ ದಬ್ಬೆಯನ್ನು ಸುತ್ತಿ ಕಟ್ಟುತ್ತಾರೆ. ಬೆತ್ತದ ಕುರ್ಚಿ ಮಾಡುವವರು ದಪ್ಪ ಬೆತ್ತವನ್ನು ಉರಿಗೆ ಹಿಡಿದು, ಬಿಸಿ ಆರುವ ಮುನ್ನ ಬಗ್ಗಿಸಿ ಹಿಡಿಯುತ್ತಾರೆ. ಮರವನ್ನಿಟ್ಟು ಹಬೆ ಹಾಯಿಸುವ ಪೆಟ್ಟಿಗೆ ಮಾಡುವುದೂ ಇದೇ ಕೆಲಸವನ್ನು, ದಪ್ಪ ಮರಕ್ಕೆ ಹೊಂದುವ ಹಾಗೆ.

ಮರ ಬಾಗುವುದಕ್ಕೆ ಕಾರಣ ಅದರ ರಚನೆಯಲ್ಲಿದೆ. ಸೆಲ್ಯುಲೋಸಿನ ಉದ್ದನೆಯ ನಾರುಗಳನ್ನು ಲಿಗ್ನಿನ್ ಎಂಬ ವಸ್ತು ಒಂದಕ್ಕೊಂದು ಹಿಡಿದಿರುತ್ತದೆ. ತೇವವಿರುವ ಮರ ನೂರು ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಕಾದಾಗ ಲಿಗ್ನಿನ್ ಸಡಿಲಗೊಂಡು ನಾರುಗಳು ಒಂದರ ಪಕ್ಕ ಒಂದು ಜರುಗುತ್ತವೆ, ಆರಿದಾಗ ಹೊಸ ಜಾಗದಲ್ಲೇ ಕೂರುತ್ತವೆ. ಆದರೆ ಈ ಜರುಗಾಟ ಎರಡು ದಿಕ್ಕಿಗೂ ಒಂದೇ ಸಮನಲ್ಲ. ಹದವಾಗಿ ಬೆಂದ ಒಳ್ಳೆಯ ಮರ ಉದ್ದದಲ್ಲಿ ಶೇಕಡ 25ಕ್ಕೂ ಮೇಲ್ಪಟ್ಟು ಕುಗ್ಗಬಲ್ಲದು, ಹಿಗ್ಗುವುದು ಮಾತ್ರ ಶೇಕಡ ಒಂದೆರಡು. 25 ಮಿ.ಮೀ. ದಪ್ಪದ ಪಟ್ಟಿಯನ್ನು ಅರ್ಧವೃತ್ತಕ್ಕೆ ಬಗ್ಗಿಸಿದರೆ ಹೊರಮೈಯ ಉದ್ದ ಒಳಮೈಗಿಂತ ಸುಮಾರು 78 ಮಿ.ಮೀ. ಹೆಚ್ಚಾಗಬೇಕು. ಈ ವ್ಯತ್ಯಾಸವನ್ನು ಹೊರಮೈ ಹಿಗ್ಗಿ ತುಂಬಲು ಹೋದರೆ ಮರ ಸಿಬಿರೆದ್ದು ಒಡೆಯುತ್ತದೆ, ಒಳಮೈ ಕುಗ್ಗಿ ತುಂಬಿಕೊಟ್ಟರೆ ಉಳಿಯುತ್ತದೆ. ಹೊರಮೈಗೆ ತೆಳು ಉಕ್ಕಿನ ಪಟ್ಟಿ ಹಾಸಿ, ಅದರ ಎರಡು ತುದಿಗೂ ಗಟ್ಟಿ ತಡೆ ಕೂರಿಸಿ, ನಡುವೆ ಮರವನ್ನು ಇಕ್ಕಿ ಬಗ್ಗಿಸಿದರೆ ಹೊರಮೈಗೆ ಹಿಗ್ಗಲು ಎಡೆಯೇ ಸಿಗದು. ಹಬೆಯ ಕಸುಬೆಲ್ಲ ನಿಂತಿರುವುದು ಈ ಉಕ್ಕಿನ ಪಟ್ಟಿಯ ಮೇಲೆ.

ಇದನ್ನು ಕಾರ್ಖಾನೆಯ ಮಟ್ಟಕ್ಕೆ ಒಯ್ದವನು ಜರ್ಮನಿಯ ಬೊಪ್ಪಾರ್ಡಿನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ನೆಲೆಸಿದ ಬಡಗಿ ಮೈಕೆಲ್ ಥೋನೆಟ್ (1796–1871). ಬೀಚ್ ಮರದ ಇಡಿ ತುಂಡನ್ನು ಬಗ್ಗಿಸುವ ವಿಧಾನಕ್ಕೆ 1856ರಲ್ಲಿ ಹಕ್ಕುಪತ್ರ ಪಡೆದ. ಅವನ 1859ರ 14ನೆಯ ನಮೂನೆಯ ಕುರ್ಚಿಯಲ್ಲಿ ಇದ್ದದ್ದು ಮರದ ಆರು ಭಾಗ, ಹತ್ತು ತಿರುಪು, ಎರಡು ನಟ್ಟು. ಬಿಚ್ಚಿದರೆ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ಹಡಗೇರಿ ಲೋಕವೆಲ್ಲ ತಿರುಗಿದ ಈ ಬಗೆಯ ಕುರ್ಚಿಗಳು ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಇವತ್ತಿಗೂ ಕಾಣಸಿಗುತ್ತವೆ.

ಮರದ ಆಯ್ಕೆಯಲ್ಲಿ ಜಾತಿಗಿಂತ ಮೊದಲು ನೋಡಬೇಕಾದದ್ದು ಎಳೆ. ಗಂಟಿಲ್ಲದೆ, ಪಟ್ಟಿಯ ಒಂದು ತುದಿಯಿಂದ ಇನ್ನೊಂದಕ್ಕೆ ಎಳೆ ನೇರ ಹಾಯ್ದಿರಬೇಕು. ಎಳೆ ನಡುವೆ ಮೈಯಿಂದ ಹೊರಬಿದ್ದರೆ ಸೀಳು ಏಳುವುದು ಅಲ್ಲಿಂದಲೇ. ಕೊಯ್ದ ಪಟ್ಟಿಗಿಂತ ಎಳೆಯ ಗುಂಟ ಸೀಳಿ ತೆಗೆದ ಪಟ್ಟಿ ಒಳ್ಳೆಯದು. ತೇವ ಶೇಕಡ 20–25ರ ಆಸುಪಾಸಿನಲ್ಲಿರಲಿ. ಗೂಡಿನಲ್ಲಿ ಪೂರ್ತಿ ಒಣಗಿಸಿದ ಮರ ಎಷ್ಟು ಬೇಯಿಸಿದರೂ ಮೊಂಡು ಹಿಡಿಯುತ್ತದೆ. ನಮ್ಮ ಮರಗಳಲ್ಲಿ ಹಿಪ್ಪುನೇರಳೆಗೆ ಮೊದಲ ಜಾಗ ಕೊಡಬೇಕು. ಜಲಂಧರದಲ್ಲಿ ಹಾಕಿ ಕೋಲಿನ ಕೊಕ್ಕೆಯನ್ನು ಬಗ್ಗಿಸಿ ಮಾಡುತ್ತಿದ್ದದ್ದು ಇದರಿಂದಲೇ. ಕರ್ನಾಟಕದಲ್ಲಿ ರೇಷ್ಮೆಗಾಗಿ ಇದನ್ನು ಹೆಚ್ಚಾಗಿ ಪೊದೆಯಂತೆ ಬೆಳೆಸುವುದರಿಂದ ಮರವಾಗಿ ಬೆಳೆದ ಹಿಪ್ಪುನೇರಳೆ ಸಿಕ್ಕಾಗ ಬಿಡಬಾರದು. ಹಲಸು ಬಣ್ಣಕ್ಕೂ ಬಾಳಿಕೆಗೂ ಚೆಂದ, ಆದರೆ ಎಳೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಬಿಗಿಯಾದ ಡೊಂಕಿಗೆ ನಂಬುವಂತಿಲ್ಲ.

ಈ ತೆಂಗಿನ ಸೀಮೆಯವರು ಮೊದಲು ಕೇಳುವುದು ತೆಂಗಿನ ಮರದ ಬಗ್ಗೆ. ಹಳೆಯ ತೋಟದಲ್ಲಿ ಫಲ ಇಳಿದ ಮರಗಳು ಉರುಳುತ್ತಲೇ ಇರುತ್ತವೆ, ತೊಲೆಗೂ ರೀಪರಿಗೂ ಅವು ಬಳಕೆಯಲ್ಲಿವೆ. ಆದರೆ ತೆಂಗು ಏಕದಳ ಸಸ್ಯ. ಹಲಸು ಬೇವುಗಳ ಹಾಗೆ ವರ್ಷವರ್ಷ ಸುತ್ತು ಕಟ್ಟಿ ದಪ್ಪವಾಗುವುದಿಲ್ಲ. ತುಂಡು ಮಾಡಿದ ತುದಿಯನ್ನು ನೋಡಿದರೆ ಮೆತ್ತನೆಯ ತಿರುಳಿನಲ್ಲಿ ಕಂದು ಚುಕ್ಕಿಗಳಂತೆ ನಾರಿನ ಕಟ್ಟುಗಳು ಚೆಲ್ಲಿಕೊಂಡಿರುತ್ತವೆ, ಅಂಚಿನತ್ತ ಒತ್ತಾಗಿ, ನಡುವಿನತ್ತ ಬಿಡಿಬಿಡಿಯಾಗಿ. ಬುಡದ ಹೊರಭಾಗ ಘನ ಮೀಟರಿಗೆ 600 ಕಿಲೋಗ್ರಾಮಿಗೂ ಮಿಕ್ಕಿ ತೂಗಿದರೆ ನಡುಭಾಗ 400ಕ್ಕೂ ಕೆಳಗೆ. ಬಗ್ಗಿಸುವಾಗ ಮೆತ್ತನೆಯ ತಿರುಳು ಜಜ್ಜಿ, ಗಟ್ಟಿ ಕಟ್ಟುಗಳು ಅದರಿಂದ ಬಿಟ್ಟು ಏಳುತ್ತವೆ. ಆದ್ದರಿಂದ ತೆಂಗನ್ನು ಹಬೆಗೆ ಇಡದಿರುವುದೇ ಲೇಸು. ಹೊರಸುತ್ತಿನ ಗಟ್ಟಿ ಭಾಗವನ್ನು ಕುರ್ಚಿಯ ನೇರ ಕಾಲಿಗೂ ಅಡ್ಡಪಟ್ಟಿಗೂ ಬಳಸಿ, ಡೊಂಕಿನ ಭಾಗಗಳಿಗೆ ಬೇರೆ ಮರ ಹಿಡಿದರೆ ಎರಡು ಬಣ್ಣ ಸೇರಿ ನೋಡಲು ಸೊಗಸಾಗಿರುತ್ತದೆ. ತೆಂಗು ಗರಗಸದ ಹಲ್ಲನ್ನೂ ತೋಪಡದ ಅಲಗನ್ನೂ ಬೇಗ ಮೊಂಡು ಮಾಡುತ್ತದೆ. ಸಾಣೆ ಹಿಡಿಯುತ್ತಲೇ ಇರಬೇಕು.

ತೆಂಗು ನಿಜವಾಗಿ ಒದಗುವುದು ಒಲೆಗೆ. ಬಚ್ಚಲ ಹಂಡೆಗೆ ಮುಚ್ಚಳ ಬಿಗಿದು, ಅದರಿಂದ ಒಂದು ಕೊಳವೆಯನ್ನು ಹಲಗೆಯ ಉದ್ದ ಪೆಟ್ಟಿಗೆಗೆ ಹಾಯಿಸಿದರೆ ಹಬೆ ಸಿದ್ಧ. ಗರಿಯಿಂದ ಉರಿ ಹತ್ತಿಸಿ, ಮಟ್ಟೆ ಕರಟಗಳಿಂದ ಅದನ್ನು ಒಂದೇ ಹದದಲ್ಲಿ ಗಂಟೆಗಟ್ಟಲೆ ನಿಲ್ಲಿಸಬಹುದು. ಪೆಟ್ಟಿಗೆಯೊಳಗೆ ಪಟ್ಟಿಗಳು ತಳಕ್ಕೆ ತಾಕದಂತೆ ಗೂಟಗಳ ಮೇಲೆ ಕೂರಬೇಕು. ಇಡ್ಲಿ ತಟ್ಟೆಗೆ ಹೇಗೋ ಹಾಗೆ, ಹಬೆ ನಾಲ್ಕೂ ಮೈಗೆ ಸುತ್ತಬೇಕು. ಪೆಟ್ಟಿಗೆಯನ್ನು ಒಂದಿಷ್ಟು ವಾಟವಾಗಿ ಇಟ್ಟರೆ ನೀರು ಹರಿದುಹೋಗುತ್ತದೆ. ಹಬೆ ಹೊರಹೋಗಲು ಕಿಂಡಿ ಇರಲೇಬೇಕು. ಅದು ಕಟ್ಟಿಕೊಂಡರೆ ಒತ್ತಡ ಏರಿ ಹಂಡೆ ಸಿಡಿಯಬಹುದು, ಹಾಗಾಗಿ ಈ ವಿಷಯದಲ್ಲಿ ಯಾವ ರಾಜಿಯೂ ಕೂಡದು. ಸಮುದ್ರಮಟ್ಟದಿಂದ 800 ಮೀಟರಿನ ಆಸುಪಾಸಿನ ಈ ಬಯಲಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಕೆಲಸಕ್ಕೆ ಅಷ್ಟು ಶಾಖ ಸಾಕು. 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ ಎಂಬುದು ಎಲ್ಲೆಡೆ ನಡೆದು ಬಂದ ಲೆಕ್ಕ. ಅತಿಯಾಗಿ ಬೇಯಿಸಿದರೆ ಒಳಮೈ ಸುಕ್ಕುಗಟ್ಟುತ್ತದೆ.

ಪೆಟ್ಟಿಗೆಯಿಂದ ತೆಗೆದ ಮೇಲೆ ಇರುವ ಸಮಯ ಒಂದು ನಿಮಿಷದಷ್ಟೇ. ಅಚ್ಚು, ಉಕ್ಕಿನ ಪಟ್ಟಿ, ಕ್ಲಾಂಪು, ಬೆಣೆಗಳನ್ನು ಮೊದಲೇ ಜೋಡಿಸಿಟ್ಟು, ತಣ್ಣನೆಯ ಪಟ್ಟಿಯೊಂದನ್ನು ಹಿಡಿದು ಬಗ್ಗಿಸುವ ಇಬ್ಬರೂ ಒಮ್ಮೆ ಅಭ್ಯಾಸ ಮಾಡಿಕೊಂಡಿರಬೇಕು. ದಪ್ಪ ಕೈಗವಸು ಬೇಕೇ ಬೇಕು. ನಡುವನ್ನು ಅಚ್ಚಿಗೆ ಬಿಗಿದು, ಎರಡು ಪಕ್ಕವನ್ನೂ ನಿಲ್ಲಿಸದೆ, ಜಗ್ಗದೆ, ಒಂದೇ ಸಮನೆ ಎಳೆದು ತರಬೇಕು. ಕರಿಜಾಲಿಯಂಥ ಒಗರು ಮರಕ್ಕೆ ಬರಿ ಕಬ್ಬಿಣ ತಾಗಿದರೆ ಕಪ್ಪು ಕಲೆ ಹಿಡಿಯುತ್ತದೆ, ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟರೆ ತಪ್ಪುತ್ತದೆ. ಅಚ್ಚಿನಿಂದ ಬಿಡಿಸಿದ ಮರ ಒಂದಿಷ್ಟು ಹಿಂದಕ್ಕೆ ಬಿಚ್ಚಿಕೊಳ್ಳುವುದು ಸಹಜ. ಅದಕ್ಕೇ ಅಚ್ಚನ್ನು ಬೇಕಾದ್ದಕ್ಕಿಂತ ಕೊಂಚ ಬಿಗಿ ಡೊಂಕಿಗೆ ಕತ್ತರಿಸುತ್ತಾರೆ, ದಿನಗಟ್ಟಲೆ ನೆರಳಿನಲ್ಲಿ ಆರಿದ ಮೇಲಷ್ಟೇ ಕ್ಲಾಂಪು ಸಡಿಲಿಸುತ್ತಾರೆ.

ಹಬೆಯ ಗೊಡವೆ ಬೇಡವೆಂದರೆ ಅಂಟಿನ ದಾರಿ. ಎರಡು ಮೂರು ಮಿ.ಮೀ. ದಪ್ಪದ ಪಟ್ಟಿಗಳು ಒಣಗಿದ್ದಾಗಲೂ ಬಾಗುತ್ತವೆ, ಅಂಟು ಹಚ್ಚಿ ಅಚ್ಚಿನ ಮೇಲೆ ಬಿಗಿದರೆ ಒಂದೇ ಮರವಾಗಿ ನಿಲ್ಲುತ್ತವೆ. ಹಿಂದಕ್ಕೆ ಬಿಚ್ಚುವಿಕೆ ಪಟ್ಟಿಗಳ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: ನಾಲ್ಕಿದ್ದರೆ ಸುಮಾರು ಹದಿನಾರನೆಯ ಒಂದು ಪಾಲು, ಎಂಟಿದ್ದರೆ ಅರವತ್ನಾಲ್ಕನೆಯ ಒಂದು ಪಾಲು. ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ 1930ರ ದಶಕದಲ್ಲಿ ಬರ್ಚ್ ಮರದಲ್ಲಿ ಇದೇ ಬಗೆಯಿಂದ ಹೆಸರಾಂತ ಕುರ್ಚಿಗಳನ್ನು ಮಾಡಿದ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬಿಳಿ ಅಂಟು ಸದಾ ಭಾರ ಬೀಳುವ ಕಡೆ ನಿಧಾನವಾಗಿ ಜರುಗುತ್ತದೆ, ಕುರ್ಚಿಯ ಕಾಲು ಬೆನ್ನಿಗೆ ಎಪಾಕ್ಸಿಯೋ ಗಟ್ಟಿಯಾಗುವ ರಾಳದ ಅಂಟೋ ಮೇಲು. ಬದುವಿನ ಮೇಲೆ ಬೆಳೆಸುವ ಹೆಬ್ಬೇವು, ಸಿಲ್ವರ್ ಓಕ್ ಪ್ಲೈವುಡ್ಡಿಗೆ ಹೋಗುವ ಮರಗಳು. ಅವುಗಳ ತೆಳುಪಟ್ಟಿ ಈ ಕೆಲಸಕ್ಕೂ ಆಗುತ್ತದೆ. ಅಂಟಿಸಿ ಅಚ್ಚಿಗೆ ತರುವ ಇದೇ ಬಗೆಯಲ್ಲಿ ಬೆಂಗಳೂರಿನ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಬಿದಿರಿನ ಚಾಪೆಗಳನ್ನು ರಾಳದಲ್ಲಿ ಅದ್ದಿ, ಬಿಸಿ ಒತ್ತುಯಂತ್ರದಲ್ಲಿ ಅಲೆಯಾಕಾರದ ಚಾವಣಿ ಹಾಳೆ ಮಾಡುವ ತಂತ್ರವನ್ನು ರೂಪಿಸಿದೆ. ಮರದ ಹಿಂಬದಿಗೆ ಸಾಲಾಗಿ ಗರಗಸದ ಗೀರು ಹಾಕಿ ಬಗ್ಗಿಸುವ ಮೂರನೆಯ ಬಗೆಯೂ ಉಂಟು. ಅದು ಕೌಂಟರಿನ ಮುಂಬದಿಯಂಥ ಭಾರ ಹೊರದ ಕಡೆಗೆ ಮಾತ್ರ.

ಮುಗಿದ ಸಾಮಾನಿಗೆ ಕೊಬ್ಬರಿ ಎಣ್ಣೆ ಸವರುವುದು ಸರಿಯಲ್ಲ. ಅದು ಒಣಗಿ ಪದರ ಕಟ್ಟುವ ಎಣ್ಣೆಯಲ್ಲ, ಧೂಳು ಹಿಡಿದು ಕಮಟುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಅದನ್ನು ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ತಿಕ್ಕಬೇಕು, ಇಲ್ಲವೆ ಅರಗಿನ ಪಾಲಿಶ್ ಹಾಕಬೇಕು. ಎಣ್ಣೆ ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಕಾದು ಹೊತ್ತಿಕೊಳ್ಳಬಹುದು, ಹರವಿ ಒಣಗಿಸಬೇಕು. ತೋಟದ ಸೋಗೆ ರಾಶಿಯ ಹತ್ತಿರವಂತೂ ಅದನ್ನು ಬಿಡಲೇಬಾರದು.