ಬಚ್ಚಲಿಗೆ ಬಂದ ಒಗೆತ

ಬಳ್ಳಾರಿ ಕಡೆಯ ಹಳೆಯ ಬಚ್ಚಲಲ್ಲಿ ಬಟ್ಟೆಗೆ ಜಾಗವಿರಲಿಲ್ಲ. ಇದ್ದದ್ದು ಹಂಡೆ, ಅದರ ಕೆಳಗೆ ಒಲೆ, ಪಕ್ಕದಲ್ಲಿ ನೀರಿನ ತೊಟ್ಟಿ, ಜಳಕಕ್ಕೊಂದು ಕಲ್ಲು. ಒಗೆಯುವುದು ಹೊರಗಿನ ಕೆಲಸ. ಸಿರುಗುಪ್ಪದವರಿಗೆ ತುಂಗಭದ್ರೆ ಇತ್ತು; ಕುರುಗೋಡಿನಂಥ ಊರಿಗೆ ಬಾವಿ, ಹಳ್ಳ. 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಕಾಲುವೆಯ ದಂಡೆಯೂ ಒಗೆಯುವ ಜಾಗವಾಯಿತು.

ನೀರು ದೂರವಿತ್ತು ಎಂಬುದೊಂದೇ ಕಾರಣವಲ್ಲ. ಮೈಲಿಗೆ ಬಟ್ಟೆ ಮಡಿವಾಳರ ಪಾಲಿನದು ಎಂದು ಊರು ತೀರ್ಮಾನಿಸಿತ್ತು. ಕೂಲಿ ಸುಗ್ಗಿಯ ಕಾಳು. 12ನೇ ಶತಮಾನದಲ್ಲೇ ಮಡಿವಾಳ ಮಾಚಿದೇವ ಶರಣರ ನಡುವೆ ಗೌರವದಿಂದ ನಿಂತಿದ್ದರು. ಆದರೂ ಆ ಗಂಟು ಒಂದೇ ಜಾತಿಯ ಹೆಗಲಿನಿಂದ ಇಳಿಯಲಿಲ್ಲ. ಇದನ್ನು ಬಿಟ್ಟು ಬರೆದರೆ ಅದು ಬರೀ ಟೈಲ್ಸಿನ ಚರಿತ್ರೆ.

ಗೀಜರ್ ಬಂದಾಗ ಹಂಡೆ ಅಟ್ಟ ಸೇರಿತು, ಒಲೆ ಒಡೆದರು. ಖಾಲಿಯಾದ ಆ ಮೂಲೆಗೇ ಈಗ ವಾಷಿಂಗ್ ಮಷೀನ್ ಬರುತ್ತಿದೆ. ಎರಡಡಿ ಅಗಲ ಸಾಕು. ಕಷ್ಟ ಬೇರೆ ಕಡೆ. ನೆಲ ಮೋರಿಯತ್ತ ಇಳಿಜಾರಾಗಿರುವುದರಿಂದ ಮಷೀನು ಓರೆಯಾಗಿ ನಡುಗುತ್ತದೆ, ಅದಕ್ಕೊಂದು ಸಮತಟ್ಟಾದ ಕಟ್ಟೆ ಕಟ್ಟಬೇಕು. ಸ್ವಿಚ್ಚು ನೀರು ಸಿಡಿಯದ ಎತ್ತರದಲ್ಲಿ, ಅರ್ಥಿಂಗ್ ಸಮೇತ ಇರಬೇಕು. ಬೋರಿನ ಗಡಸು ನೀರಾದರೆ ಪೈಪಿನೊಳಗೆ ಬಿಳಿ ಉಪ್ಪು ಕಟ್ಟುತ್ತದೆ.

ಜೀನ್ಸ್ ಹೊಲಿದು ದೇಶಕ್ಕೆ ಕಳಿಸುವ ಬಳ್ಳಾರಿಯಲ್ಲಿ ಒಗೆತ ಒಂದು ಉದ್ಯಮವೂ ಹೌದು; ಅದಕ್ಕೆಂದೇ ವಾಷಿಂಗ್ ಘಟಕಗಳಿವೆ. ಮನೆಯೊಳಗೆ ಮಾತ್ರ ಗುಂಡಿ ಒತ್ತುವವರು ಹೆಚ್ಚಾಗಿ ಹೆಂಗಸರೇ. ಹೊಳೆ ದಾರಿಯ ಭಾರ ತಪ್ಪಿತು, ಜೊತೆಗೆ ಅಲ್ಲಿನ ಹರಟೆಯೂ. ಒದ್ದೆ ಬಟ್ಟೆ ಹೊತ್ತು ಮಾಳಿಗೆ ಹತ್ತುವುದಂತೂ ಇನ್ನೂ ಇದ್ದೇ ಇದೆ.