ಲಂಡನ್ನಿನ ಷೇರುಪೇಟೆಯಲ್ಲಿ ನಂದಿದುರ್ಗ

ಚಿಕ್ಕಬಳ್ಳಾಪುರದ ಪಕ್ಕದ ನಂದಿದುರ್ಗದ ಹೆಸರು ಒಂದು ಕಾಲಕ್ಕೆ ಲಂಡನ್ನಿನ ಷೇರುದಾರರ ಬಾಯಲ್ಲೂ ಓಡಾಡುತ್ತಿತ್ತು. ಅವರಿಗೆ ಬೇಕಿದ್ದದ್ದು ಬೆಟ್ಟದ ತಂಪಲ್ಲ, ಕೋಲಾರದ ಚಿನ್ನ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಹೆಸರಿನ ಗಣಿ ಕಂಪನಿಗಳು ಅಲ್ಲಿ ಹಣ ಎತ್ತಿ ಇಲ್ಲಿ ಸುರಂಗ ಕೊರೆದವು. ವಿದೇಶಿ ನೇರ ಬಂಡವಾಳ 1991ರ ಉದಾರೀಕರಣದೊಂದಿಗೆ ನಮ್ಮ ಕಡೆಗೆ ಬಂತು ಎಂಬ ಮಾತಿದೆ. ಅದು ಪೂರ್ತಿ ನಿಜವಲ್ಲ. ಪೆರೇಸಂದ್ರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ 2007ರವರೆಗೆ ಸೇರಿದ್ದ ಅವಿಭಜಿತ ಕೋಲಾರ ಜಿಲ್ಲೆಗೆ ಉದಾರೀಕರಣದ ನೂರು ವರ್ಷ ಮೊದಲೇ ಆ ಹಣದ ಪರಿಚಯವಾಗಿತ್ತು.

ಚಿನ್ನದ ಸುದ್ದಿ ಅದಕ್ಕಿಂತ ಹಳೆಯದು. ಟಿಪ್ಪುವಿನ ಪತನದ ನಂತರ, 1802ರಲ್ಲಿ, ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಜಾನ್ ವಾರನ್ ಎಂಬ ಲೆಫ್ಟಿನೆಂಟ್, ಹಳದಿ ಲೋಹ ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಕಣ್ಣೆದುರೇ ನೀರಿನಲ್ಲಿ ತೊಳೆದು, ತಳದಲ್ಲಿ ಉಳಿದ ಚಿನ್ನದ ಪುಡಿ ತೋರಿಸಿದರು. ಮಣ್ಣು ಯಾವುದು, ಎಲ್ಲಿ ತೋಡಬೇಕು, ಹೇಗೆ ತೊಳೆಯಬೇಕು ಎಂಬ ಅರಿವೆಲ್ಲ ಊರವರದೇ. ಅವರ ಬಳಿ ಇಲ್ಲದಿದ್ದದ್ದು ಆಳಕ್ಕೆ ಇಳಿಯುವ ಯಂತ್ರ, ಅದಕ್ಕೆ ಬೇಕಾದ ದುಡ್ಡು.

ವಾರನ್ನನ ವರದಿ ಓದಿದ ಮೈಕೆಲ್ ಲವೆಲ್ ಎಂಬ ಐರಿಷ್ ಸೈನಿಕ, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದವನು, 1873ರಲ್ಲಿ ಗಣಿ ಅಗೆಯಲು ಅನುಮತಿ ಕೇಳಿದ. 1875ರಲ್ಲಿ ಹಕ್ಕು ಸಿಕ್ಕಿತು. ಕೈಯಲ್ಲಿ ಹಣವಿಲ್ಲದೆ ಅದನ್ನು ಬೇರೆಯವರಿಗೆ ದಾಟಿಸಿದ. ಈ ಇಸವಿಗಳನ್ನು ಗಮನಿಸಬೇಕು. 1831ರಿಂದ 1881ರವರೆಗೆ ಮೈಸೂರನ್ನು ಆಳಿದವರು ಬ್ರಿಟಿಷ್ ಕಮಿಷನರುಗಳು. ನಾಡಿನ ಚಿನ್ನದ ಮೊದಲ ಹಕ್ಕುಪತ್ರ ಬರೆದಾಗ ನಾಡಿನ ಪರ ಚೌಕಾಸಿ ಮಾಡುವವರು ಯಾರೂ ಮೇಜಿನ ಈಚೆ ಕೂತಿರಲಿಲ್ಲ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಳ ಉಸ್ತುವಾರಿ ವಹಿಸಿಕೊಂಡಿತು. ಮೊದಲ ವರ್ಷಗಳಲ್ಲಿ ಹಾಕಿದ ಹಣವೆಲ್ಲ ಮುಳುಗುವ ಸ್ಥಿತಿ. ಚಾಂಪಿಯನ್ ಅದಿರಿನ ಪಟ್ಟಿ ಸಿಕ್ಕಿದ ಮೇಲೆ ಲಾಭ ಉಕ್ಕಿತು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಯ ಬಾಗಿಲಿಗೆ 1894ರಲ್ಲೇ ರೈಲು ಹೋಯಿತು. ಚಿಕ್ಕಬಳ್ಳಾಪುರದ ಜನ ರೈಲು ಕಂಡದ್ದು 1915ರಲ್ಲಿ, ಅದೂ ನ್ಯಾರೋಗೇಜ್.

ರಾಜ್ಯಕ್ಕೆ ಬಂದದ್ದೇನು? ಉತ್ಪಾದನೆಯ ಮೇಲೆ ಶೇಕಡಾ 5ರ ರಾಜಧನ. ಅಷ್ಟಕ್ಕೇ ಕೈಕಟ್ಟಿ ಕೂತಿದ್ದರೆ ಈ ಕಥೆಯಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರುತ್ತಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಮಾಡಿದ ಕೆಲಸವೇ ಬೇರೆ. ಕಂಪನಿಗಳ ಯಂತ್ರಗಳಿಗೆ ಶಕ್ತಿ ಬೇಕಿತ್ತು. ಕಾವೇರಿಯ ಶಿವನಸಮುದ್ರದಲ್ಲಿ ನೀರು ಸುಮ್ಮನೆ ಧುಮುಕುತ್ತಿತ್ತು. ಅಲ್ಲಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಗಣಿಗೆ ವಿದ್ಯುತ್ ಕೊಡುವ ಯೋಜನೆಯನ್ನು ಸರ್ಕಾರ ಕಂಪನಿಗೆ ಬಿಟ್ಟುಕೊಡಲಿಲ್ಲ. ತಾನೇ ಹಣ ಹಾಕಿ ಕಟ್ಟಿತು, ಕಂಪನಿಗಳನ್ನು ಖಾಯಂ ಗಿರಾಕಿ ಮಾಡಿಕೊಂಡಿತು. ಯಂತ್ರೋಪಕರಣ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ ಬಂತು, ಒಡೆತನ ಮಾತ್ರ ಮೈಸೂರಿನದು. 1902ರ ಜೂನ್ 30ರಂದು ಗಣಿಗೆ ವಿದ್ಯುತ್ ಹರಿಯಿತು. ಅಷ್ಟು ದೂರ ವಿದ್ಯುತ್ ಒಯ್ಯುವ ತಂತಿ ಆಗ ಜಗತ್ತಿನಲ್ಲೇ ಅಪರೂಪ. ಅದೇ ಶಕ್ತಿಯಿಂದ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂತು. ಅಯ್ಯರ್ ಆ ದಿನಗಳನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಈ ಎಳೆಯನ್ನು ಮುಂದಕ್ಕೆ ಎಳೆದವರು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೇ. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಗಣಿಗೆ ವಿದ್ಯುತ್ ಸಾಲುತ್ತಿರಲಿಲ್ಲ. ಕನ್ನಂಬಾಡಿಯಲ್ಲಿ ಅಣೆಕಟ್ಟು ಬೇಕೆಂದು ಅವರು ವಾದ ಹೂಡಿದಾಗ, ಮಂಡ್ಯದ ಗದ್ದೆಗಳ ಜೊತೆಗೆ ಕೋಲಾರದ ಗಣಿಗಳಿಗೆ ವರ್ಷವಿಡೀ ವಿದ್ಯುತ್ ಎಂಬುದೂ ಅವರ ಲೆಕ್ಕದಲ್ಲಿತ್ತು. ಲಂಡನ್ನಿನ ಕಂಪನಿ ತೆರುವ ಬಿಲ್ಲು ಕನ್ನಡನಾಡಿನ ಅತಿದೊಡ್ಡ ಅಣೆಕಟ್ಟೆಯೊಂದಕ್ಕೆ ಆಧಾರವಾಯಿತು. ವಿದೇಶಿ ಬಂಡವಾಳವನ್ನು ದುಡಿಸಿಕೊಳ್ಳುವುದು ಎಂದರೆ ಇದು.

ಆದರೆ ಅದೇ ಸರ್ಕಾರ ಮೈಮರೆತ ಕಡೆಗಳೂ ಇವೆ, ಅವುಗಳ ಬೆಲೆ ತೆತ್ತವರು ಗಣಿಗೆ ಇಳಿದವರು. ಉತ್ತರ ಆರ್ಕಾಟು, ಚಿತ್ತೂರು ಸೀಮೆಯ ದಲಿತ ಕುಟುಂಬಗಳು ಇಲ್ಲಿ ಬಂದು ತಟ್ಟಿಯ ಗುಡಿಸಲುಗಳಲ್ಲಿ ಬದುಕಿದವು. ಮೇಲೆ ಬಂಗಲೆ, ಕ್ಲಬ್ಬು. ಕೆಳಗೆ ಬಂಡೆ ಸಿಡಿಯುವ ಭಯ, ಎದೆಗೆ ಇಳಿಯುವ ಕಲ್ಲುಪುಡಿ, ಸಿಲಿಕೋಸಿಸ್. 1930ರಲ್ಲಿ ಕಾರ್ಮಿಕರ ಬೆರಳಚ್ಚು ದಾಖಲಿಸಲು ಹೊರಟಾಗ ಅವರು ಮುಷ್ಕರ ಹೂಡಿದರು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. ಅಷ್ಟರಲ್ಲಿ ಶ್ರೀಮಂತ ಅದಿರು ಬಹುಪಾಲು ಮುಗಿದಿತ್ತು, ಗಣಿ 3 ಕಿಲೋಮೀಟರಿನಷ್ಟು ಆಳಕ್ಕೆ ಇಳಿಯುತ್ತಿತ್ತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಸುಮಾರು 800 ಟನ್ ಚಿನ್ನ ಹೊರಟುಹೋದ ಜಾಗದಲ್ಲಿ ಈಗ ಸೈನೈಡ್ ದಿಬ್ಬಗಳಿವೆ. ಗಾಳಿ ಬೀಸಿದರೆ ಆ ಬೂದುಬಣ್ಣದ ಧೂಳು ಕಾಲೋನಿಗಳ ಮನೆಯೊಳಕ್ಕೆ ಬರುತ್ತದೆ. ಕಸವನ್ನು ಯಾರು ತೆಗೆಯಬೇಕು ಎಂಬುದನ್ನು ಮೊದಲೇ ಬರೆಸಿಕೊಳ್ಳದಿದ್ದರ ಫಲ ಅದು.

ವಿದೇಶಿ ಬಂಡವಾಳದ ಹೊಸ ಅಧ್ಯಾಯ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ನಡೆದಿದೆ. ಜಪಾನಿನ ಹೋಂಡಾ ಅಲ್ಲಿ ಸ್ಕೂಟರು ಮಾಡುತ್ತದೆ. ತೈವಾನಿನ ವಿಸ್ಟ್ರಾನ್ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಿಗ್ಗೆ ಸಂಬಳದ ತಕರಾರು ಸ್ಫೋಟಗೊಂಡು ಕಾರ್ಮಿಕರು ಕಾರ್ಖಾನೆಯ ಗಾಜು, ವಾಹನಗಳನ್ನು ಒಡೆದರು. ಕೆಲಸದ ಅವಧಿಯ ಲೆಕ್ಕ ಸರಿಯಾಗಿ ಇಡದೆ ಕೆಲವರ ಸಂಬಳ ತಡವಾಗಿತ್ತೆಂದು ಆ್ಯಪಲ್ ಕಂಪನಿಯೇ ಬಳಿಕ ಹೇಳಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಮೂಲಕ ಸೇರಿದವರು. 2023ರಲ್ಲಿ ಆ ಘಟಕ ಟಾಟಾ ಕೈಗೆ ಬಂತು.

ಈಗ ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಬಂದು ಕೂತಿದೆ. ಹೈದರಾಬಾದ್ ಹೆದ್ದಾರಿ ಹಿಡಿದು ಕೈಗಾರಿಕೆ ಇನ್ನೂ ಉತ್ತರಕ್ಕೆ, ಚಿಕ್ಕಬಳ್ಳಾಪುರ ದಾಟಿ ಪೆರೇಸಂದ್ರದ ಕಡೆಗೂ ಸರಿದರೆ ಆಶ್ಚರ್ಯವಿಲ್ಲ. ಬರುವುದು ಬರಲಿ, ನಮ್ಮ ಮಕ್ಕಳಿಗೆ ಕೆಲಸ ಬೇಕು. ಆದರೆ ಜಮೀನಿನ ಪತ್ರಕ್ಕೆ ರುಜು ಹಾಕುವ ಮೊದಲು ನೀರು ಎಲ್ಲಿಂದ, ಸಂಬಳ ಕೊಡುವವರು ಯಾರು, ಕಂಪನಿ ಎದ್ದುಹೋದ ದಿನ ಅದರ ಕಸಕ್ಕೆ ಹೊಣೆ ಯಾರು ಎಂಬ ಷರತ್ತುಗಳು ಕನ್ನಡದಲ್ಲಿ ಅಚ್ಚಾಗಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರಬೇಕು. ಅದನ್ನು ಕೇಳುವ ಕೆಲಸವನ್ನು ಊರವರು ಮುಂದಿನ ಗ್ರಾಮಸಭೆಯಲ್ಲೇ ಶುರು ಮಾಡಲಿ.